ಬೀದರ್‌ಗೆ ಬಂದಿಳಿದ ಬಂದೂಕುಗಳು

ಬಂದೂಕು ಯಾರ ಕೈಯಲ್ಲಿರಬೇಕು ಎಂಬುದನ್ನು ನಿರ್ಧರಿಸುವ ಅಧಿಕಾರವನ್ನು ಯಾವ ಸರ್ಕಾರವೂ ಬಿಟ್ಟುಕೊಡುವುದಿಲ್ಲ. ಆ ಅಧಿಕಾರ ಪಕ್ಷಪಾತಕ್ಕೆ ಇಳಿದರೆ ಏನಾಗುತ್ತದೆ ಎಂಬುದನ್ನು ಬೀದರ್ ಜಿಲ್ಲೆ 1948ರ ಒಂದೇ ವರ್ಷದಲ್ಲಿ ಎರಡು ಆಡಳಿತಗಳ ಕೆಳಗೆ ಕಂಡಿತು.

ಪಕ್ಷಪಾತ ಹೊಸದೇನಲ್ಲ. ಲಾರ್ಡ್ ಲಿಟ್ಟನ್ ಕಾಲದ 1878ರ ಶಸ್ತ್ರಾಸ್ತ್ರ ಕಾಯ್ದೆ ಬ್ರಿಟಿಷ್ ಇಂಡಿಯಾದ ಪ್ರಜೆಗಳು ಪರವಾನಗಿ ಪಡೆಯಬೇಕೆಂದು ವಿಧಿಸಿ, ಯುರೋಪಿಯನ್ನರಿಗೆ ವಿನಾಯಿತಿ ಕೊಟ್ಟಿತ್ತು. ಬೀದರ್ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು.

ಸ್ವಾತಂತ್ರ್ಯಾನಂತರ ಸಂಸ್ಥಾನವು ಭಾರತದೊಡನೆ 1947ರ ನವೆಂಬರ್ 29ರಂದು ಯಥಾಸ್ಥಿತಿ ಒಪ್ಪಂದ ಮಾಡಿಕೊಂಡಿತು. ಆದರೂ ಶಸ್ತ್ರಾಸ್ತ್ರಗಳ ಹುಡುಕಾಟ ನಿಲ್ಲಲಿಲ್ಲ. ಮೀರ್ ಲಾಯಕ್ ಅಲಿ ಸರ್ಕಾರಕ್ಕಾಗಿ ಆಸ್ಟ್ರೇಲಿಯಾದ ವಿಮಾನಚಾಲಕ ಸಿಡ್ನಿ ಕಾಟನ್ 1948ರಲ್ಲಿ ಕರಾಚಿಯಿಂದ ಲ್ಯಾಂಕಾಸ್ಟ್ರಿಯನ್ ವಿಮಾನಗಳಲ್ಲಿ ಆಯುಧ ತುಂಬಿಸಿ ರಾತ್ರಿಯ ಹೊತ್ತು ಬೀದರ್, ವಾರಂಗಲ್ ವಿಮಾನ ನೆಲೆಗಳಿಗೆ ತಂದಿಳಿಸಿದ. ಕಳ್ಳಸಾಗಣೆಯನ್ನು ತಡೆಯಬೇಕಾದ ಸರ್ಕಾರವೇ ಇಲ್ಲಿ ಅದರ ಗಿರಾಕಿಯಾಗಿತ್ತು. ಮುಂದೆ ಬ್ರಿಟಿಷ್ ನ್ಯಾಯಾಲಯ ಕಾಟನ್‌ಗೆ ವಿಧಿಸಿದ ದಂಡ 200 ಪೌಂಡ್ ಮಾತ್ರ.

ಇತ್ತ ಹಳ್ಳಿಗಳಲ್ಲಿ ಕಾಸಿಂ ರಜ್ವಿಯ ರಜಾಕಾರರ ಹಾವಳಿ ಬೆಳೆಯಿತು. ಅದೇ ವರ್ಷ ಮೇ ತಿಂಗಳಲ್ಲಿ ಜಿಲ್ಲೆಯ ಗೋರ್ಟಾ ಗ್ರಾಮದಲ್ಲಿ ಅವರು ನಡೆಸಿದ ಹತ್ಯಾಕಾಂಡವನ್ನು ಜನ ಇಂದಿಗೂ ಮರೆತಿಲ್ಲ.

ಸೆಪ್ಟೆಂಬರ್ 13ರಂದು 'ಆಪರೇಷನ್ ಪೋಲೋ' ಆರಂಭವಾಯಿತು. ಐದೇ ದಿನಗಳಲ್ಲಿ ಸಂಸ್ಥಾನ ಶರಣಾಗಿ, ಮೇಜರ್ ಜನರಲ್ ಜೆ.ಎನ್. ಚೌಧುರಿ ಅವರ ಸೇನಾ ಆಡಳಿತ ಬಂತು. ಆಯುಧಗಳನ್ನು ಕಿತ್ತುಕೊಳ್ಳುವುದು ಅದರ ಮೊದಲ ಕೆಲಸಗಳಲ್ಲೊಂದು. ಆದರೆ ಅಲ್ಲೂ ತಕ್ಕಡಿ ಸಮನಾಗಿರಲಿಲ್ಲ. ಪ್ರಧಾನಿ ನೆಹರೂ ಕಳುಹಿಸಿದ ಪಂಡಿತ ಸುಂದರಲಾಲ್ ಸಮಿತಿ ಆ ವರ್ಷದ ಕೊನೆಯಲ್ಲಿ ಸಂಸ್ಥಾನವನ್ನು ಸುತ್ತಿ ನೋಡಿತು. ಮುಸ್ಲಿಮರ ಆಯುಧಗಳನ್ನು ಕಸಿದುಕೊಂಡು ಹಿಂದೂಗಳಲ್ಲಿ ಹಲವೆಡೆ ಆಯುಧ ಉಳಿಯಲು ಬಿಡಲಾಗಿತ್ತು ಎಂದು ಅದು ವರದಿ ಮಾಡಿತು. ಸೇನಾ ಕಾರ್ಯಾಚರಣೆಯ ವೇಳೆ ಮತ್ತು ಅನಂತರ ಸಂಸ್ಥಾನದಲ್ಲಿ 27,000ದಿಂದ 40,000 ಜನ ಸತ್ತಿರಬಹುದೆಂಬುದು ಸಮಿತಿಯ ಅಂದಾಜು. ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರ್ ಒಂದು. ಉಳಿದವು ಗುಲ್ಬರ್ಗ, ಉಸ್ಮಾನಾಬಾದ್, ನಾಂದೇಡ್. ಈ ವರದಿ ಸಾರ್ವಜನಿಕರಿಗೆ ಸಿಕ್ಕಿದ್ದು 2013ರಲ್ಲಿ.

ಒಂದು ಸರ್ಕಾರ ಕದ್ದು ತಂದಿತು, ಇನ್ನೊಂದು ಆಯ್ದು ಕಸಿಯಿತು. ಎರಡೂ ಸಲ ಬೆಲೆ ತೆತ್ತವರು ನಿರಾಯುಧರಾದ ಹಳ್ಳಿಗರು.

1956ರಲ್ಲಿ ಜಿಲ್ಲೆ ಹಂಚಿಹೋಯಿತು. ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್ ಮೈಸೂರು ರಾಜ್ಯಕ್ಕೆ ಸೇರಿದರೆ, ಉದಗೀರ, ನಿಲಂಗಾ, ಅಹಮದ್‌ಪುರ ಮುಂಬೈ ರಾಜ್ಯಕ್ಕೆ ಹೋದವು. ಆದರೆ 1878ರ ಕಾಯ್ದೆಯ ಜಾಗಕ್ಕೆ ಬಂದ 1959ರ ಶಸ್ತ್ರಾಸ್ತ್ರ ಕಾಯ್ದೆ ಕೇಂದ್ರದ್ದು. ಔರಾದ್‌ಗೂ ಗಡಿಯಾಚೆಯ ಉದಗೀರಕ್ಕೂ ಒಂದೇ. 2019ರ ತಿದ್ದುಪಡಿ ಒಬ್ಬರು ಇರಿಸಿಕೊಳ್ಳಬಹುದಾದ ಬಂದೂಕುಗಳ ಮಿತಿಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ಕಾಯ್ದೆಯ ಅಕ್ಷರ ಎಲ್ಲರಿಗೂ ಸಮ. ಜಾರಿ ಮಾಡುವ ಕೈ ಕೂಡ ಹಾಗೆಯೇ ಇರಬೇಕೆಂಬುದು 1948 ಬೀದರ್‌ಗೆ ಕಲಿಸಿಹೋದ ಪಾಠ.