ಕಲ್ಯಾಣಸೀಮೆಯ ಅಂಧಕಾರವಾಚಕ ಶಬ್ದಗಳು

ಬೀದರ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದುಗಳಲ್ಲಿ ಕನ್ನಡ, ಮರಾಠಿ, ದಖನಿ ಉರ್ದು ಈ ಮೂರೂ ಬಹುಕಾಲದಿಂದ ಒಂದೇ ಬೀದಿಯಲ್ಲಿ ಬಳಕೆಯಲ್ಲಿವೆ. ಬೆಳಕಿಲ್ಲದಿರುವುದನ್ನು ಕನ್ನಡಿಗನು ಕತ್ತಲೆ ಎನ್ನುವನು. ಮರಾಠಿಗನು ಅಂಧಾರ ಎನ್ನುವನು. ಉರ್ದು ನುಡಿಯುವವನು ಅಂಧೇರಾ ಎನ್ನುವನು. ಗ್ರಂಥಭಾಷೆಯಲ್ಲಾದರೋ ಕನ್ನಡಿಗನೂ ಮರಾಠಿಗನೂ ಅಂಧಕಾರವೆಂದೇ ಬರೆಯುವರು. ಇಂತಹ ಸಾಮ್ಯಗಳನ್ನು ಕಂಡು ಕನ್ನಡವೂ ಮರಾಠಿಯಂತೆ ಸಂಸ್ಕೃತಜನ್ಯವೆನ್ನುವ ಮತವೊಂದು ಪ್ರಚಾರದಲ್ಲಿದ್ದಿತು. ಈ ಒಂದು ಅರ್ಥದ ಶಬ್ದಗಳನ್ನು ಪರಿಶೀಲಿಸಿದರೂ ಆ ಮತವು ನಿಲ್ಲಲಾರದು.

ಸಂಸ್ಕೃತದ ಅಂಧಕಾರವು ಪ್ರಾಕೃತದಲ್ಲಿ ನಡುವಣ ಕಕಾರವನ್ನು ಕಳೆದುಕೊಂಡು ಮರಾಠಿಯಲ್ಲಿ ಅಂಧಾರವಾಯಿತು. ಕುಂಭಕಾರವು ಕುಂಭಾರವಾದುದೂ ಇದೇ ನಿಯಮದಿಂದ. ಹೀಗೆ ಜನರ ನಾಲಗೆಯ ಮೇಲೆ ತಲೆಮಾರುಗಳಿಂದ ಸವೆದು ಬಂದುದು ಪಿತ್ರಾರ್ಜಿತ. ಪುಸ್ತಕದಿಂದ ಎತ್ತಿಕೊಂಡ ಅಂಧಕಾರವು ಎರವಲು.

ಯೂರೋಪಿನಲ್ಲಿಯೂ ಇದಕ್ಕೆ ದೃಷ್ಟಾಂತವುಂಟು. ಕತ್ತಲೆಗೆ ಲ್ಯಾಟಿನಿನಲ್ಲಿ ತೆನೆಬ್ರೇ ಎಂಬ ಶಬ್ದವಿದೆ. ಇದು ಸಂಸ್ಕೃತದ ತಮಿಸ್ರಾ ಶಬ್ದದ ಸಗೋತ್ರಿ. ಲ್ಯಾಟಿನಿನಲ್ಲಿ ಪದಮಧ್ಯದ 'ಸ್ರ'ವು 'ಬ್ರ'ವಾಗುವುದು ನಿಯತ. ಒಂದು ಇನ್ನೊಂದರಿಂದ ಹುಟ್ಟಿದುದಲ್ಲ, ಎರಡಕ್ಕೂ ಮೂಲಭಾಷೆಯೊಂದೇ. ತೆನೆಬ್ರೇ ಶಬ್ದದಿಂದ ಇಟಾಲಿಯನಿನಲ್ಲಿ ತೆನೆಬ್ರೆ, ಪೋರ್ಚುಗೀಸಿನಲ್ಲಿ ತ್ರೆವಸ್, ಸ್ಪ್ಯಾನಿಷಿನಲ್ಲಿ ತಿನಿಯೆಬ್ಲಸ್ ಎಂಬ ರೂಪಗಳಾದುವು. ಪೆತ್ರಾ (ಕಲ್ಲು) ಎಂಬುದು ಪಿಯೆದ್ರಾ ಆದಂತೆಯೇ ಸ್ಪ್ಯಾನಿಷಿನ ಈ ರೂಪದಲ್ಲಿಯೂ ಎಕಾರವು 'ಇಯೆ' ಆಗಿದೆ. ಆದರೆ ಅದೇ ಭಾಷೆಯ ತೆನೆಬ್ರೋಸೊ (ಕತ್ತಲೆ ಕವಿದ) ಎಂಬುದರಲ್ಲಿ ಎಕಾರವು ಹಾಗೆಯೇ ಉಳಿದಿದೆ. ಅದು ವಿದ್ವಾಂಸರು ಗ್ರಂಥದಿಂದ ತಂದುದು. ಅಂಧಾರ–ಅಂಧಕಾರಗಳ ಸಂಬಂಧವೇ ಇಲ್ಲಿಯೂ ಇದೆ.

ಇನ್ನು ಕನ್ನಡಕ್ಕೆ ಬರುವುದಾದರೆ, ಹಳಗನ್ನಡದ ರೂಪವು ಕೞ್ತಲೆ. ವ್ಯಂಜನದ ಹಿಂದಣ ೞಕಾರವು ರೇಫವಾಗಿ ಕರ್ತಲೆ, ಬಳಿಕ ದ್ವಿತ್ವವಾಗಿ ಕತ್ತಲೆ. ಕೞ್ತೆಯು ಕತ್ತೆಯಾದುದೂ ಹೀಗೆಯೇ. ಇರುಳ್ ಎಂಬ ಇನ್ನೊಂದು ಶಬ್ದವು ತಮಿಳು, ಮಲಯಾಳಗಳಲ್ಲಿ ಕತ್ತಲೆಯನ್ನೂ, ಕನ್ನಡದಲ್ಲಿ ಮುಖ್ಯವಾಗಿ ರಾತ್ರಿಯನ್ನೂ ಸೂಚಿಸುತ್ತದೆ. ತುಳುವಿನಲ್ಲಿ ರಾತ್ರಿಗೆ ಇರ್ಲ್ ಎನ್ನುವರು. ಕನ್ನಡದ ಸಗೋತ್ರಗಳು ಈ ದಿಕ್ಕಿನಲ್ಲಿವೆ. ಕುಂಬಾರದಂತಹ ತದ್ಭವಗಳು ಕನ್ನಡದಲ್ಲಿಲ್ಲವೇ ಎಂದು ಆಕ್ಷೇಪಿಸಬಹುದು. ಅವುಗಳಲ್ಲಿ ಕಕಾರಲೋಪವು ಪ್ರಾಕೃತದಲ್ಲಿಯೇ ಆಗಿತ್ತು. ಕನ್ನಡವು ಸಿದ್ಧರೂಪವನ್ನು ಸ್ವೀಕರಿಸಿತು. 13ನೆಯ ಶತಮಾನದ ಕೇಶಿರಾಜನು ತನ್ನ ಶಬ್ದಮಣಿದರ್ಪಣದಲ್ಲಿ ಇಂತಹವುಗಳಿಗೆ ಅಪಭ್ರಂಶಪ್ರಕರಣವನ್ನೇ ಬೇರೆಯಾಗಿ ಮೀಸಲಿಟ್ಟುದು ಅರ್ಥವತ್ತಾಗಿದೆ.

ಕಲ್ಯಾಣದ ಇತಿಹಾಸವೂ ಇದಕ್ಕೆ ಅನುಕೂಲವಾಗಿದೆ. ಆರನೆಯ ವಿಕ್ರಮಾದಿತ್ಯನ (1076–1126) ಆಸ್ಥಾನದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರೆಯನ್ನೂ ಬಿಲ್ಹಣನು ವಿಕ್ರಮಾಂಕದೇವಚರಿತವನ್ನೂ ಸಂಸ್ಕೃತದಲ್ಲಿ ರಚಿಸಿದರು. 12ನೆಯ ಶತಮಾನದಲ್ಲಿ, ಅದೇ ನಗರದಲ್ಲಿ, ಶರಣರು ಅಜ್ಞಾನವನ್ನು ಕತ್ತಲೆಯೆಂದು ಆಡುಮಾತಿನಲ್ಲಿ ಹೇಳಿದರು. ಅರಮನೆಯ ಸಂಸ್ಕೃತವು ಬೀದಿಯ ಕನ್ನಡವನ್ನು ಅಳಿಸಲಿಲ್ಲ. ಏಳು ಶತಮಾನಗಳ ಬಳಿಕ ಹುಮನಾಬಾದಿನ ಮಾಣಿಕಪ್ರಭುಗಳು (1817–1865) ಮರಾಠಿ, ಕನ್ನಡ, ಹಿಂದೂಸ್ತಾನಿಗಳಲ್ಲಿ ಪದಗಳನ್ನು ರಚಿಸಿದಾಗಲೂ ಈ ನುಡಿಗಳು ಬೆರೆತು ಒಂದಾಗಲಿಲ್ಲ.

ಆದುದರಿಂದ ಶಬ್ದವೊಂದು ಎರಡು ಭಾಷೆಗಳಲ್ಲಿ ಕಂಡುಬಂದ ಮಾತ್ರಕ್ಕೆ ಅವು ತಾಯಿಮಕ್ಕಳಾಗವು. ಧ್ವನಿವಿಕಾರದ ನಿಯಮವೇ ಕುಲಕ್ಕೆ ಸಾಕ್ಷಿ. ಅಂಧಕಾರವು ಕನ್ನಡಕ್ಕೆ ಬಂದ ಗೌರವದ ಅತಿಥಿ. ಕತ್ತಲೆಯು ಮನೆಯ ಮಗಳು.