ಹಿಂಗಾಲಿನ ಮೇಲಿನ ಕಿಂಡಿ

ಇರುವೆಯ ಎದೆಭಾಗದ ತುದಿಯಲ್ಲಿ, ಹಿಂಗಾಲಿಗೆ ತುಸು ಮೇಲೆ, ಎರಡೂ ಪಕ್ಕದಲ್ಲಿ ಒಂದೊಂದು ಸಣ್ಣ ಕಿಂಡಿಯಿದೆ. ಅದು ಮೆಟಾಪ್ಲೂರಲ್ ಗ್ರಂಥಿಯ ಬಾಯಿ. ಜೇನಿಗಾಗಲಿ ಕಣಜಕ್ಕಾಗಲಿ ಈ ಗ್ರಂಥಿಯಿಲ್ಲ. ಫ್ರಾನ್ಸಿನ ಶಾರ್ಲ್ ಜಾನೆ 1898ರಲ್ಲೇ ಇದರ ರಚನೆಯನ್ನು ವಿವರಿಸಿದ್ದರು. ಕೆಲಸ ಮಾತ್ರ ತಿಳಿದಿರಲಿಲ್ಲ.

ನ್ಯೂಜೆರ್ಸಿಯ ಅಂಬರಿನಲ್ಲಿ, ಅಂದರೆ ಕಲ್ಲಾದ ಮರದಂಟಿನಲ್ಲಿ, ಸುಮಾರು 9 ಕೋಟಿ ವರ್ಷ ಹಳೆಯ ಕೀಟವೊಂದು ಸಿಕ್ಕಿತ್ತು. 1967ರಲ್ಲಿ ಅದನ್ನು ಇರುವೆಯೆಂದು ಕರೆಯಲು ಈ ಗ್ರಂಥಿಯೂ ಒಂದು ಆಧಾರವಾಯಿತು. ಹಾಗೆ ಕರೆದ ಮೂವರಲ್ಲಿ ಒಬ್ಬರಾದ ವಿಲಿಯಂ ಬ್ರೌನ್, ಇದು ಪರಗೂಡಿನವರನ್ನು ಗುರುತಿಸುವ ವಾಸನೆಯ ಗ್ರಂಥಿಯಿರಬೇಕು ಎಂದು ಮರುವರ್ಷ ಬರೆದರು. 1970ರಲ್ಲಿ ಜರ್ಮನಿಯ ಉಲ್ರಿಖ್ ಮಾಷ್ವಿಟ್ಸ್ ಮತ್ತು ಸಂಗಡಿಗರು ಎಲೆ ಕತ್ತರಿಸುವ ಇರುವೆಯ ಸ್ರಾವದಲ್ಲಿ ಫಿನೈಲ್ ಅಸಿಟಿಕ್ ಆಮ್ಲ ಕಂಡರು. ಅದು ಸೂಕ್ಷ್ಮಜೀವಿಗಳನ್ನು ಬೆಳೆಯಗೊಡದು.

'ಬ್ರೌನ್ ಸೋತರು' ಎಂದು ಟಿಪ್ಪಣಿ ಬರೆದುಕೊಂಡಿದ್ದೆ, ಆಮೇಲೆ ಹೊಡೆದುಹಾಕಿದೆ. ಅವರು ಲೇಖನದ ತಲೆಬರಹದಲ್ಲೇ ಅದನ್ನು ಊಹೆಯೆಂದಿದ್ದರು. ಅಲ್ಲದೆ, ಗೆದ್ದ ಉತ್ತರಕ್ಕೂ ತೊಡಕಿದೆ: ನಮ್ಮ ಮಲೆನಾಡಿನವರು ಚಟ್ನಿ ಅರೆಯುವ ಚಿಗಳಿಗೆ ಈ ಗ್ರಂಥಿಯೇ ಇಲ್ಲ. ಮರದ ಮೇಲೆ ಎಲೆ ಹೊಲಿದು ಬದುಕುವುದಕ್ಕೆ, ನೆಲದ ಬೂಷ್ಟು ತಾಕದ್ದಕ್ಕೆ, ಅದು ಬೇಡವಾಯಿತೆ? ಹಾಗಂದುಕೊಳ್ಳೋಣವೆಂದರೆ, ನೆಲದಲ್ಲೇ ಗೂಡು ತೋಡುವ ಕರಿ ಗೊದ್ದಕ್ಕೂ ಅದಿಲ್ಲ.