ಬುಟ್ಟಿಯ ಕೆಳಗಿನ ಆಜಾನುಬಾಹು

ಕಲಬುರಗಿಯ ಕೋಟೆಯಲ್ಲಿ ಸುಮಾರು 29 ಅಡಿ ಉದ್ದದ ತೋಪೊಂದಿದೆ. ನೋಡಲು ಬಂದವರೆಲ್ಲ ಮೊದಲು ಬೆರಗಾಗುವುದು ಅದರ ಉದ್ದಕ್ಕೆ. ಆದರೆ ಯುದ್ಧದಲ್ಲಿ ಉದ್ದವೊಂದೇ ಸಾಲದು. ತೋಪನ್ನು ಬೇಕಾದ ದಿಕ್ಕಿಗೆ ತಿರುಗಿಸಲು ಬರಬೇಕು, ಮದ್ದು ತುಂಬುವ ಕೈಗಳೂ ಚುರುಕಾಗಿರಬೇಕು. ಬ್ಯಾಸ್ಕೆಟ್‌ಬಾಲ್ ಅಂಗಳದ ನೀಳಕಾಯದ ಆಟಗಾರನ ಕಥೆಯೂ ಹೆಚ್ಚು ಕಡಿಮೆ ಇದೇ.

ಕಲಬುರಗಿಯ ಶಾಲೆಯಾಗಲಿ, ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ಶಾಲೆಯಾಗಲಿ, ತಂಡ ಕಟ್ಟಲು ಹೊರಟ ದೈಹಿಕ ಶಿಕ್ಷಕರ ಕಣ್ಣು ಮೊದಲು ಹೋಗುವುದು ಸಾಲಿನ ಕೊನೆಯಲ್ಲಿ ತಲೆ ಎತ್ತಿ ನಿಂತ ಹುಡುಗನ ಅಥವಾ ಹುಡುಗಿಯ ಕಡೆಗೆ. ಆ ಮಗುವನ್ನು ಬುಟ್ಟಿಯ ಕೆಳಗೆ ನಿಲ್ಲಿಸಿ, ಉಳಿದ ನಾಲ್ವರಿಗೆ ಚೆಂಡನ್ನು ಅಲ್ಲಿಗೆ ಮುಟ್ಟಿಸಲು ಹೇಳಿದರೆ ಅರ್ಧ ಪಂದ್ಯ ಗೆದ್ದಂತೆ ಎಂಬುದು ಹಳೆಯ ನಂಬಿಕೆ. ಈ ನಂಬಿಕೆ ಎಲ್ಲಿಂದ ಬಂತು? ಇಂದಿಗೂ ಅದು ನಡೆಯುತ್ತದೆಯೇ?

ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ 1891ರ ಡಿಸೆಂಬರ್‌ನಲ್ಲಿ ಜೇಮ್ಸ್ ನೈಸ್ಮಿತ್ ಪೀಚ್ ಹಣ್ಣಿನ ಬುಟ್ಟಿಗಳನ್ನು 10 ಅಡಿ ಎತ್ತರದಲ್ಲಿ ಕಟ್ಟಿ ಈ ಆಟ ಆರಂಭಿಸಿದರು. ವೈಎಂಸಿಎ ಮೂಲಕ ಅದು ಭಾರತಕ್ಕೂ ಬಂತು. 1920ರಲ್ಲಿ ಮದರಾಸಿನಲ್ಲಿ ಹ್ಯಾರಿ ಕ್ರೋ ಬಕ್ ಆರಂಭಿಸಿದ ದೈಹಿಕ ಶಿಕ್ಷಣ ಶಾಲೆಯಲ್ಲಿ ಕಲಿತವರು ದಕ್ಷಿಣದ ಊರೂರಿಗೆ ಇಂತಹ ಆಟಗಳನ್ನು ಕೊಂಡೊಯ್ದರು. ಅಂದಿನಿಂದ ಇಂದಿನವರೆಗೆ ಆಟದ ನಿಯಮಗಳು ಎಷ್ಟೋ ಬದಲಾದವು. ಬುಟ್ಟಿಯ ಎತ್ತರ ಮಾತ್ರ ಬದಲಾಗಲಿಲ್ಲ. ಎತ್ತರದವರ ಮಹತ್ವದ ಮೂಲ ಇರುವುದು ಇಲ್ಲಿಯೇ.

ಮೊದಲ ದಶಕಗಳಲ್ಲಿ ಪ್ರತಿ ಬುಟ್ಟಿಯ ನಂತರವೂ ಅಂಗಳದ ನಡುವೆ ಚೆಂಡನ್ನು ಮೇಲಕ್ಕೆಸೆದು ಆಟ ಮತ್ತೆ ಶುರು ಮಾಡುತ್ತಿದ್ದರು. ತಂಡದಲ್ಲಿ ಎತ್ತರದವನೊಬ್ಬನಿದ್ದರೆ ಅಂಕ ಗಳಿಸಿದ ಮೇಲೂ ಚೆಂಡು ಅವರದೇ. 1937ರಲ್ಲಿ ಈ ನಿಯಮ ಹೋಯಿತು. ಬುಟ್ಟಿಯತ್ತ ಇಳಿಯುತ್ತಿರುವ ಚೆಂಡನ್ನು ತಡೆಯಬಾರದೆಂಬ ನಿಷೇಧ ಅಮೆರಿಕದ ಕಾಲೇಜು ಆಟಕ್ಕೆ 1944ರಲ್ಲಿ ಬಂತು. ಇಂತಹ ನಿಯಮಗಳ ಹಿಂದೆ ಜಾರ್ಜ್ ಮೈಕನ್‌ರಂಥ ಆಟಗಾರರ ನೆರಳಿತ್ತು. 6 ಅಡಿ 10 ಅಂಗುಲದ ಮೈಕನ್ ಮಿನಿಯಾಪೊಲಿಸ್ ಲೇಕರ್ಸ್ ತಂಡವನ್ನು ಮೇಲಿಂದ ಮೇಲೆ ಚಾಂಪಿಯನ್ ಮಾಡಿದರು. ಅವರನ್ನು ತಡೆಯಲು ದಾರಿ ಕಾಣದ ಫೋರ್ಟ್ ವೇನ್ ತಂಡ 1950ರ ನವೆಂಬರ್ 22ರಂದು ಚೆಂಡನ್ನು ಕೈಯಲ್ಲಿಟ್ಟುಕೊಂಡು ಸುಮ್ಮನೆ ಕಾಲ ಕಳೆಯಿತು. ಪಂದ್ಯ ಮುಗಿದಾಗ ಅಂಕ 19-18! ಇಂತಹ ಬೇಸರದ ಪಂದ್ಯಗಳಿಗೆ ಕೊನೆ ಹಾಡಲು 1954ರಲ್ಲಿ 24 ಸೆಕೆಂಡುಗಳ ಗಡಿಯಾರ ಬಂತು.

ಬುಟ್ಟಿಯ ಮುಂದಿನ ನಿರ್ಬಂಧಿತ ಪಟ್ಟಿಯನ್ನೂ ಹಿಗ್ಗಿಸಲಾಯಿತು. ದಾಳಿ ಮಾಡುವ ಆಟಗಾರ ಅಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲ. ಎನ್‌ಬಿಎಯಲ್ಲಿ 6 ಅಡಿ ಅಗಲವಿದ್ದ ಪಟ್ಟಿ 1951ರಲ್ಲಿ 12 ಅಡಿಯಾಯಿತು. ಒಂದೇ ಪಂದ್ಯದಲ್ಲಿ 100 ಅಂಕ ಗಳಿಸಿದ ವಿಲ್ಟ್ ಚೇಂಬರ್ಲೇನ್‌ರ ಕಾಲದಲ್ಲಿ, 1964ರಲ್ಲಿ, ಅದು 16 ಅಡಿಗೆ ಏರಿತು. ಆಜಾನುಬಾಹುಗಳನ್ನು ಬುಟ್ಟಿಯಿಂದ ದೂರ ಸರಿಸುವ ಯತ್ನಗಳಿವು. ಆದರೂ ಅವರ ಆಳ್ವಿಕೆ ನಿಲ್ಲಲಿಲ್ಲ.

ಅವರನ್ನು ನಿಜಕ್ಕೂ ಅಲುಗಾಡಿಸಿದ್ದು ಅಂಗಳದ ಮೇಲೆ ಎಳೆದ ಒಂದು ಕಮಾನು ಗೆರೆ. ಮೂರು ಅಂಕಗಳ ಆ ಗೆರೆ ಎನ್‌ಬಿಎಗೆ 1979ರಲ್ಲಿ ಬಂತು, ಅಂತರರಾಷ್ಟ್ರೀಯ ಆಟಕ್ಕೆ 1984ರಲ್ಲಿ. ಇದರ ಲೆಕ್ಕ ಸುಲಭ. ಹತ್ತಿರದಿಂದ 100 ಬಾರಿ ಎಸೆದು 50 ಸಲ ಗುರಿ ಮುಟ್ಟಿದರೆ 100 ಅಂಕ. ದೂರದಿಂದ 100 ಬಾರಿ ಎಸೆದು ಬರೀ 36 ಸಲ ಮುಟ್ಟಿದರೂ 108 ಅಂಕ. ಈ ಲೆಕ್ಕ ತರಬೇತುದಾರರ ತಲೆಗೆ ಪೂರ್ತಿ ಇಳಿಯಲು ಮೂರು ದಶಕ ಹಿಡಿಯಿತು. ಮೊದಲ ವರ್ಷ ಒಂದು ಪಂದ್ಯದಲ್ಲಿ ತಂಡವೊಂದು ಮೂರು ಬಾರಿಯೂ ಅಲ್ಲಿಂದ ಎಸೆಯುತ್ತಿರಲಿಲ್ಲ. ಈಚಿನ ವರ್ಷಗಳಲ್ಲಿ ಅದು 35ನ್ನೂ ದಾಟಿದೆ. 2015ರಲ್ಲಿ ಗೋಲ್ಡನ್ ಸ್ಟೇಟ್ ತಂಡ ಸೆಂಟರ್ ಸ್ಥಾನದಲ್ಲಿ 6 ಅಡಿ 6 ಅಂಗುಲದ ಡ್ರೇಮಂಡ್ ಗ್ರೀನ್‌ರನ್ನು ನಿಲ್ಲಿಸಿಯೂ ಚಾಂಪಿಯನ್ ಆಯಿತು.

ಅದೇ ವರ್ಷ ಭಾರತಕ್ಕೊಂದು ಸಂತಸದ ಸುದ್ದಿ ಬಂದಿತ್ತು. ಪಂಜಾಬಿನ ಬಲ್ಲೋ ಕೆ ಹಳ್ಳಿಯ, 7 ಅಡಿ 2 ಅಂಗುಲದ ಸತ್ನಾಮ್ ಸಿಂಗ್ ಭಮಾರಾ ಅವರನ್ನು ಡಲ್ಲಾಸ್ ತಂಡ 52ನೆಯ ಆಯ್ಕೆಯಾಗಿ ಕರೆಸಿಕೊಂಡಿತು. ಆದರೆ ಎನ್‌ಬಿಎ ಲೀಗ್‌ನ ಒಂದು ಪಂದ್ಯದಲ್ಲೂ ಅವರು ಅಂಗಳಕ್ಕೆ ಇಳಿಯಲಾಗಲಿಲ್ಲ. ಮುಂದೆ ಅವರು ವೃತ್ತಿಪರ ಕುಸ್ತಿಯ ದಾರಿ ಹಿಡಿದರು. ಬುಟ್ಟಿಯ ಬಳಿ ನಿಂತು ಆಡುವ ದೈತ್ಯರಿಗೆ ಬೇಡಿಕೆ ಕುಸಿಯುತ್ತಿದ್ದ ಹೊತ್ತು ಅದು.

ಹಾಗಾದರೆ ಎತ್ತರದವರ ಕಾಲ ಮುಗಿಯಿತೇ? ಹಾಗೆಂದವರಿಗೆ ಬೇಗನೆ ಉತ್ತರ ಸಿಕ್ಕಿತು. 2020ರಲ್ಲಿ ಹ್ಯೂಸ್ಟನ್ ತಂಡ ತನ್ನ ಸೆಂಟರ್ ಆಟಗಾರನನ್ನೇ ಬಿಟ್ಟುಕೊಟ್ಟು ಕುಳ್ಳರ ಪಡೆ ಕಟ್ಟಿತು. ಎತ್ತರದ ಆಟಗಾರರಿದ್ದ ಲೇಕರ್ಸ್ ಎದುರು 4-1ರಿಂದ ಸೋತಿತು. 6 ಅಡಿ 11 ಅಂಗುಲದ ಸರ್ಬಿಯದ ನಿಕೊಲಾ ಯೋಕಿಚ್ ಮೂರು ಬಾರಿ ಶ್ರೇಷ್ಠ ಆಟಗಾರನೆನಿಸಿದ್ದಾರೆ, 2023ರಲ್ಲಿ ಡೆನ್ವರ್ ತಂಡಕ್ಕೆ ಮೊದಲ ಎನ್‌ಬಿಎ ಪ್ರಶಸ್ತಿ ತಂದರು. ಆದರೆ ಯೋಕಿಚ್ ಹಳೆಯ ದೈತ್ಯರಂತೆ ಚೆಂಡಿಗಾಗಿ ಕಾಯುತ್ತ ನಿಲ್ಲುವವರಲ್ಲ. ಅಂಗಳದ ಮಧ್ಯದಲ್ಲಿ ನಿಂತು ಚೆಂಡು ಹಂಚುತ್ತಾರೆ, ದೂರದಿಂದಲೂ ಎಸೆಯುತ್ತಾರೆ. ಮೊದಲು ಚೆಂಡು ದೈತ್ಯನ ಬಳಿ ಹೋಗಿ ಅಲ್ಲಿಗೇ ಮುಗಿಯುತ್ತಿತ್ತು. ಈಗ ಅವನಿಂದ ಆಟ ಶುರುವಾಗುತ್ತದೆ. ಎತ್ತರದ ಬೆಲೆ ಇಳಿದಿಲ್ಲ, ಅದರ ಕೆಲಸ ಬದಲಾಗಿದೆ.

ಈ ಮಾತು ನಮ್ಮ ಜಿಲ್ಲೆಯ ಶಾಲೆಗಳಿಗೆ ಏಕೆ ಮುಖ್ಯ? ಹದಿಮೂರು, ಹದಿನಾಲ್ಕರ ವಯಸ್ಸಿನ ಪಂದ್ಯಗಳಲ್ಲಿ ಹಳೆಯ ಉಪಾಯ ಇಂದಿಗೂ ಫಲ ಕೊಡುತ್ತದೆ. ಆ ವಯಸ್ಸಿನಲ್ಲಿ ದೂರದಿಂದ ಗುರಿಯಿಡುವ ಕಸುವು ಮಕ್ಕಳಿಗೆ ಕಡಿಮೆ. ಎತ್ತರದ ಒಬ್ಬ ಹುಡುಗ ಬುಟ್ಟಿಯ ಕೆಳಗಿದ್ದರೆ ತಾಲ್ಲೂಕು ಮಟ್ಟದ ಕಪ್ ಬಂದೇ ಬರಬಹುದು. ತೊಂದರೆ ಇರುವುದು ಅದರ ನಂತರ. ಬೇಗ ಬೆಳೆದ ಮಕ್ಕಳ ಬೆಳವಣಿಗೆ ಹಲವು ಸಲ ಬೇಗನೆ ನಿಲ್ಲುತ್ತದೆ. ಹದಿನಾಲ್ಕಕ್ಕೆ ಎಲ್ಲರಿಗಿಂತ ಎತ್ತರವಿದ್ದವನು ಹದಿನೆಂಟಕ್ಕೆ ಸಾಮಾನ್ಯ ಎತ್ತರದವನಾಗಿ ಉಳಿಯಬಹುದು. ಆಗ ಚೆಂಡು ಪುಟಿಸಲು ಬಾರದು, ಹಂಚಲು ಬಾರದು, ದೂರದಿಂದ ಎಸೆಯಲೂ ಬಾರದು. ವಿಭಾಗ ಮಟ್ಟದಲ್ಲಿ ಅವನಿಗೆ ಸ್ಥಾನವೆಲ್ಲಿ? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಅದೇ ತಂಡದ ಗಿಡ್ಡ ಹುಡುಗನ ಪಾಡೂ ಬೇರೆಯಲ್ಲ. ಬುಟ್ಟಿಯ ಕೆಳಗೆ ಆಡುವುದನ್ನು ಕಲಿಯದ ಅವನು ಮುಂದೆ ಆರಡಿ ಬೆಳೆದರೂ ಕಲಿಕೆ ಅರ್ಧವೇ.

ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ 2017ರ ಜುಲೈನಲ್ಲಿ ಭಾರತದ ಮಹಿಳೆಯರು ಕಜಾಕಿಸ್ತಾನವನ್ನು 75-73ರಿಂದ ಸೋಲಿಸಿ ಏಷ್ಯಾ ಕಪ್‌ನ ಬಿ ವಿಭಾಗ ಗೆದ್ದರು. ಅಂತರ ಬರೀ ಎರಡು ಅಂಕ, ಎಂದರೆ ಒಂದೇ ಒಂದು ಬುಟ್ಟಿ. ಇಷ್ಟು ಸೂಕ್ಷ್ಮವಾದ ಆಟದಲ್ಲಿ ಅಂಗಳದ ಐವರಲ್ಲಿ ಒಬ್ಬರು ಒಂದೇ ಕೆಲಸ ಬಲ್ಲವರಾದರೂ ಎದುರಾಳಿ ಅದನ್ನು ಹುಡುಕಿ ಹಿಡಿಯುತ್ತಾನೆ.

ಎತ್ತರದ ಮಗುವನ್ನು ತಂಡಕ್ಕೆ ಸೇರಿಸುವುದರಲ್ಲಿ ತಪ್ಪಿಲ್ಲ. ಎತ್ತರವನ್ನು ಯಾವ ತರಬೇತುದಾರನೂ ಕಲಿಸಲಾರ. ಉಳಿದುದೆಲ್ಲ ಕಲಿಸಬಹುದಾದದ್ದು. ಕಮಲಾಪುರದ ನೀಳಕಾಯದ ಹುಡುಗಿಗೆ ಅಭ್ಯಾಸದ ಅರ್ಧ ಹೊತ್ತಾದರೂ ಬುಟ್ಟಿಗೆ ಬೆನ್ನು ಮಾಡಿ, ಅಂಗಳದ ನಡುವಿನಿಂದ ಚೆಂಡು ಪುಟಿಸುತ್ತ ಬರಲು ಹೇಳಬೇಕು. ಆ ವರ್ಷದ ಒಂದೆರಡು ಪಂದ್ಯ ಕೈತಪ್ಪಬಹುದು. ಆದರೆ ಮುಂದೆ ಎತ್ತರ ನಿಂತುಹೋದರೂ ಆಟ ಅವಳ ಕೈಯಲ್ಲೇ ಉಳಿಯುತ್ತದೆ.